ತಾರಾಪತ್ರವೂ ಗೃಹಸ್ಥನ ಕರ್ತವ್ಯವೂ

ಒಂದೊಂದು ವಸ್ತುವಿಗೂ ಎರಡೆರಡು ಬೆಲೆಗಳುಂಟು. ಅಂಗಡಿಯಲ್ಲಿ ಒಮ್ಮೆ ಎಣಿಸಿಕೊಟ್ಟು ಬರುವುದು ಮೊದಲನೆಯದು. ಆ ವಸ್ತುವು ಮನೆಯಲ್ಲಿರುವಷ್ಟು ಕಾಲವೂ ಅದನ್ನು ನಡೆಸುವುದಕ್ಕಾಗಿ ತೆರುತ್ತಿರುವುದು ಎರಡನೆಯದು. ಎತ್ತನ್ನು ಕೊಳ್ಳುವ ರೈತನಿಗೆ ಈ ತತ್ತ್ವವನ್ನು ಯಾರೂ ಬೋಧಿಸಬೇಕಾದುದಿಲ್ಲ. ಅವನು ಹಲ್ಲು ನೋಡಿ, ಸುಳಿ ನೋಡಿ, ಆ ಪ್ರಾಣಿಯು ತಿನ್ನುವ ಮೇವೆಷ್ಟೆಂಬುದನ್ನು ಮನಸ್ಸಿನಲ್ಲಿಯೇ ಅಳೆದುಕೊಂಡು, ಆಮೇಲೆ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವನು. ಅದೇ ರೈತನು ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ಟೆಲಿವಿಷನ್ ಯಂತ್ರವೊಂದನ್ನು ಕೊಳ್ಳುವಾಗ ಮೊದಲನೆಯ ಬೆಲೆಯನ್ನು ಮಾತ್ರ ಕೇಳುವನು. ಎರಡನೆಯದರ ಸುದ್ದಿಯನ್ನೇ ಎತ್ತನು. ಇದನ್ನು ಅವಿವೇಕವೆಂದು ನಗುವುದು ಸುಲಭ. ಆದರೆ ಎತ್ತಿನ ಮೇವು ಕಣ್ಣಿಗೆ ಕಾಣುತ್ತದೆ. ಯಂತ್ರದ ಮೇವು ಗೋಡೆಯೊಳಗಿನ ತಂತಿಯಲ್ಲಿ ಹರಿಯುತ್ತದೆ. ಕಾಣದುದನ್ನು ಕಾಣಿಸಿಕೊಡುವ ಹೊಣೆ ಯಾರದು, ಕಾಣಿಸಿದ ಮೇಲೆ ನೋಡುವ ಹೊಣೆ ಯಾರದು ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಕಾಣಿಸಿಕೊಡುವ ಹೊಣೆಯನ್ನು ಶಾಸನವು ಸ್ವಲ್ಪಮಟ್ಟಿಗೆ ಹೊತ್ತುಕೊಂಡಿದೆ. 2001ರ ಇಂಧನ ಸಂರಕ್ಷಣಾ ಕಾಯಿದೆಯನ್ನನುಸರಿಸಿ 2002ರ ಮಾರ್ಚಿ ತಿಂಗಳಲ್ಲಿ ಕೇಂದ್ರ ಸರ್ಕಾರವು ಇಂಧನ ದಕ್ಷತೆಯ ಬ್ಯೂರೋ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಆ ಸಂಸ್ಥೆಯು 2006ರಲ್ಲಿ ಶೀತಕಯಂತ್ರಗಳಿಗೂ ಕೊಳವೆದೀಪಗಳಿಗೂ ಮೊದಲು ಒಂದು ಗುರುತಿನ ಚೀಟಿಯನ್ನು ಏರ್ಪಡಿಸಿ, ಕಾಲಕ್ರಮದಲ್ಲಿ ಟೆಲಿವಿಷನ್ನಿಗೂ ಅದನ್ನು ವಿಸ್ತರಿಸಿತು. ಚೀಟಿಯ ಮೇಲೆ ಒಂದರಿಂದ ಐದರವರೆಗೆ ನಕ್ಷತ್ರಗಳಿರುವುದರಿಂದ ಇದನ್ನು ತಾರಾಪತ್ರವೆಂದು ಕರೆದರೆ ತಪ್ಪಾಗದು. ನಕ್ಷತ್ರಗಳ ಕೆಳಗೆ ಆ ಯಂತ್ರವು ವರ್ಷವೊಂದಕ್ಕೆ ಎಷ್ಟು ಯೂನಿಟ್ಟು ವಿದ್ಯುತ್ತನ್ನು ತಿನ್ನುವುದೆಂಬ ಅಂಕೆಯಿರುತ್ತದೆ. ನಕ್ಷತ್ರಗಳು ದೊಡ್ಡವು, ಅಂಕೆ ಸಣ್ಣದು. ಚೀಟಿಯಲ್ಲಿ ನಿಜವಾಗಿ ಮಾತನಾಡತಕ್ಕುದು ಅಂಕೆಯೇ ಆದರೂ ಜನರ ಕಣ್ಣು ಹೋಗುವುದು ನಕ್ಷತ್ರಗಳ ಕಡೆಗೆ.

ದೃಷ್ಟಾಂತವಾಗಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಸಿರುಗುಪ್ಪದ ಕಾಲುವೆಯ ಕೆಳಗಣ ಗದ್ದೆಯ ಭತ್ತವನ್ನು ಮಾರಿ, ಹೆಂಡತಿ ಮಕ್ಕಳೊಡನೆ ಬಳ್ಳಾರಿಯ ಬೆಂಗಳೂರು ರಸ್ತೆಗೆ ಬಂದಿರುವನು. ಅಂಗಡಿಯಲ್ಲಿ ಎರಡು ಯಂತ್ರಗಳಿವೆ. ಒಂದು 43 ಅಂಗುಲದ್ದು, ಇನ್ನೊಂದು 55 ಅಂಗುಲದ್ದು. ಎರಡರ ಮೇಲೂ ಐದು ನಕ್ಷತ್ರ. ದೊಡ್ಡದೂ ಚಿಕ್ಕದೂ ಸಮಾನ ಮಿತವ್ಯಯಿಗಳೆಂದು ತಿಳಿದು ಅವನು ದೊಡ್ಡದನ್ನೇ ಆರಿಸುವನು. ವರ್ತಕನು ಸುಳ್ಳಾಡಲಿಲ್ಲ, ಚೀಟಿಯೂ ಸುಳ್ಳಾಡಲಿಲ್ಲ, ಆದರೂ ಗೃಹಸ್ಥನಿಗೆ ಆದ ತಿಳಿವಳಿಕೆ ಸುಳ್ಳು. ನಕ್ಷತ್ರವನ್ನು ಕೊಡುವಾಗ ತೆರೆಯ ಗಾತ್ರವನ್ನು ಗಣನೆಗೆ ತಂದುಕೊಳ್ಳುವರು. ದೊಡ್ಡ ಯಂತ್ರಕ್ಕೆ ದೊರೆತ ಐದು ನಕ್ಷತ್ರಗಳು ದೊಡ್ಡವುಗಳ ಸಾಲಿನಲ್ಲಿ ಅದು ಮಿತಾಹಾರಿಯೆಂದು ಮಾತ್ರ ಸಾರುತ್ತವೆ. ಮಿತವಾಗಿ ಉಣ್ಣುವ ಆನೆಯೂ ಕುರಿಗಿಂತ ಹೆಚ್ಚಾಗಿಯೇ ಉಣ್ಣುವುದಷ್ಟೆ.

ಲೆಕ್ಕ ಹಾಕಿ ನೋಡಬಹುದು. ಚಿಕ್ಕದು 60 ವಾಟ್, ದೊಡ್ಡದು 120 ವಾಟ್ ಎಳೆಯುವುದೆಂದೂ ದಿನಕ್ಕೆ 6 ಗಂಟೆ ನಡೆಯುವುದೆಂದೂ ಇಟ್ಟುಕೊಂಡರೆ ಚಿಕ್ಕದಕ್ಕೆ ವರ್ಷಕ್ಕೆ 131 ಯೂನಿಟ್ಟು, ದೊಡ್ಡದಕ್ಕೆ 263 ಯೂನಿಟ್ಟು. ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ ವ್ಯತ್ಯಾಸ ವರ್ಷಕ್ಕೆ ಸುಮಾರು 790 ರೂಪಾಯಿ. ಹತ್ತು ವರ್ಷ ಬಾಳಿದರೆ ಎಂಟು ಸಾವಿರಕ್ಕೆ ಸಮೀಪ. ಇಷ್ಟು ಗುಣಾಕಾರ ಮಾಡುವಷ್ಟು ಗಣಿತವು ಆ ಗೃಹಸ್ಥನಿಗೆ ಬಾರದೆ ಇಲ್ಲ. ಭತ್ತದ ತೂಕದಲ್ಲಿ ಅರ್ಧ ಕಿಲೋ ತಪ್ಪಿದರೆ ಕಂಡುಹಿಡಿಯತಕ್ಕವನು ಅವನು. ಹೀಗಿರಲು ಚೀಟಿಯ ಅಂಕೆಯು ಅವನಲ್ಲಿ ಅರ್ಥವನ್ನು ಹುಟ್ಟಿಸದೆ ಹೋದುದೇಕೆ?

ಈ ಪ್ರಶ್ನೆಗೆ ಹಳೆಯ ನೈಯಾಯಿಕರಲ್ಲಿ ಉತ್ತರವುಂಟು. ವಾಕ್ಯವೊಂದು ಜ್ಞಾನವನ್ನು ಉಂಟುಮಾಡಬೇಕಾದರೆ ಅದಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಅಂಗಗಳಿರಬೇಕೆಂದು ತರ್ಕಸಂಗ್ರಹವನ್ನು ಓದುವ ಬಾಲಕನಿಗೂ ಪಾಠಶಾಲೆಯಲ್ಲಿ ಹೇಳಿಕೊಡುವರು. ಪದಗಳು ಒಂದನ್ನೊಂದು ಬಯಸುವುದು ಆಕಾಂಕ್ಷೆ; ಅರ್ಥಕ್ಕೆ ಬಾಧೆ ಬಾರದಿರುವುದು ಯೋಗ್ಯತೆ; ಪದಗಳು ವಿಳಂಬವಿಲ್ಲದೆ ಒಂದರ ಬಳಿಯಲ್ಲಿ ಒಂದು ಉಚ್ಚರಿತವಾಗುವುದು ಸನ್ನಿಧಿ. "ಹಸುವನ್ನು" ಎಂದು ಈಗ ನುಡಿದು "ತಾ" ಎಂದು ಒಂದು ಜಾವದ ಮೇಲೆ ನುಡಿದರೆ ಕೇಳಿದವನು ಏನನ್ನೂ ತರುವುದಿಲ್ಲ. ತಾರಾಪತ್ರದ ವಾಕ್ಯಕ್ಕೆ ಇರುವ ದೋಷ ಇದೇ. ವಾಕ್ಯದ ಮೊದಲ ಪದವಾದ ಯೂನಿಟ್ಟು ಅಂಗಡಿಯಲ್ಲಿ ಉಚ್ಚರಿತವಾಗುತ್ತದೆ. ಎರಡನೆಯ ಪದವಾದ ರೂಪಾಯಿ ತಿಂಗಳು ಕಳೆದ ಮೇಲೆ ಮನೆಯ ಬಾಗಿಲಲ್ಲಿ ಉಚ್ಚರಿತವಾಗುತ್ತದೆ. ಅದೂ ಒಂಟಿಯಾಗಿ ಬರುವುದಿಲ್ಲ. ಬಳ್ಳಾರಿಯ ಬೇಸಗೆಯಲ್ಲಿ ಹಗಲಿರುಳೂ ತಿರುಗುವ ಬೀಸಣಿಗೆಯ ವೆಚ್ಚವೂ ನೀರೆತ್ತುವ ಪಂಪಿನ ವೆಚ್ಚವೂ ಅದರಲ್ಲಿ ಕಲಸಿಹೋಗಿರುತ್ತವೆ. ಎರಡು ಪದಗಳು ಎಂದೂ ಸಂಧಿಸದ ವಾಕ್ಯದಿಂದ ಅರ್ಥ ಹೊರಟೀತೆ?

ಅಮೆರಿಕಾ ಸಂಯುಕ್ತ ಸಂಸ್ಥಾನದವರು ಈ ಕೊರತೆಯನ್ನು ಕಂಡು ಬೇರೆ ದಾರಿ ಹಿಡಿದರು. ಅಲ್ಲಿ 1980ರಿಂದ ಗೃಹಯಂತ್ರಗಳಿಗೆ ಹಳದಿಯ ಚೀಟಿಯುಂಟು. 2011ರಿಂದ ಟೆಲಿವಿಷನ್ನಿಗೂ ಅದನ್ನು ವಿಧಿಸಿದರು. ದಿನಕ್ಕೆ 5 ಗಂಟೆ ನೋಡುವವರ ಮನೆಯಲ್ಲಿ ವರ್ಷಕ್ಕೆ ಎಷ್ಟು ಡಾಲರು ತಗಲುವುದೆಂದು ಆ ಚೀಟಿಯ ನಡುವೆ ದಪ್ಪಕ್ಷರದಲ್ಲಿ ಅಚ್ಚುಮಾಡಿರುವರು. ಅದೇ ಗಾತ್ರದ ಇತರ ಯಂತ್ರಗಳ ವೆಚ್ಚವು ಎಲ್ಲಿಂದ ಎಲ್ಲಿಯವರೆಗೆ ಹೋಗುವುದೆಂಬುದನ್ನೂ ಅದರಲ್ಲಿಯೇ ತೋರಿಸಿರುವರು. ಗುಣಾಕಾರದ ಶ್ರಮವನ್ನು ಕೊಳ್ಳುವವನ ತಲೆಗೆ ಬಿಡದೆ ತಾವೇ ಮಾಡಿ ಮುಗಿಸಿದುದು ಮೆಚ್ಚತಕ್ಕ ಸಂಗತಿ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನು ಇಂತಹ ಚೀಟಿಯನ್ನು ಕಂಡಿದ್ದರೆ ಒಪ್ಪಿ ತಲೆದೂಗುತ್ತಿದ್ದನು. ಜಟೆಯಲ್ಲಿ ಹಕ್ಕಿಗಳು ಗೂಡುಕಟ್ಟುವಷ್ಟು ಕಾಲ ನಿಶ್ಚಲನಾಗಿ ನಿಂತು ತಪಸ್ಸುಮಾಡಿದ ಜಾಜಲಿಗೆ ಧರ್ಮವನ್ನು ಉಪದೇಶಿಸಿದವನು ವಾರಾಣಸಿಯ ಈ ವರ್ತಕ. ಅವನ ಹೆಚ್ಚಳವೆಲ್ಲ ತಕ್ಕಡಿಯನ್ನು ಸರ್ವರಿಗೂ ಸಮನಾಗಿ ಹಿಡಿದುದರಲ್ಲಿ. ತಕ್ಕಡಿಯ ಮುಳ್ಳು ಗ್ರಾಹಕನಿಗೆ ಕಾಣದಂತೆ ನಿಂತು ಸರಿಯಾಗಿಯೇ ತೂಗುವವನನ್ನು ಪ್ರಾಮಾಣಿಕನೆನ್ನಬಹುದು; ಆದರೆ ತುಲಾಧಾರನೆನ್ನಲಾಗದು. ಯೂನಿಟ್ಟಿನ ಅಂಕೆಯನ್ನು ಅಂಟಿಸಿ ಸುಮ್ಮನಿರುವ ವರ್ತಕನ ಸ್ಥಿತಿಯೂ ಅಷ್ಟೇ. ಕೇಳಿದರೆ ಹೇಳಿದೆನು, ಕೇಳದವನಿಗೆ ಹೇಳಲಿಲ್ಲ ಎಂಬುದು ನ್ಯಾಯಾಲಯಕ್ಕೆ ಸಾಕು, ಧರ್ಮಕ್ಕೆ ಸಾಲದು.

ಆದುದರಿಂದ ಇಲ್ಲಿಯೂ ಯೂನಿಟ್ಟನ್ನು ಅಳಿಸಿ ರೂಪಾಯಿಯನ್ನೇ ಬರೆಯಬೇಕೆಂದು ತೀರ್ಮಾನಿಸಿಬಿಡಬಹುದಾಗಿತ್ತು. ಆದರೆ ಬಳ್ಳಾರಿಯ ಸೀಮೆಯಲ್ಲಿ ಆ ತೀರ್ಮಾನಕ್ಕೆ ವಿಚಿತ್ರವಾದ ಅಡ್ಡಿಯೊಂದುಂಟು. 2023ರಲ್ಲಿ ಕರ್ನಾಟಕ ಸರ್ಕಾರವು ಗೃಹಜ್ಯೋತಿ ಯೋಜನೆಯನ್ನು ಆರಂಭಿಸಿತು. ತಿಂಗಳಿಗೆ 200 ಯೂನಿಟ್ಟಿನ ಪರಿಮಿತಿಯೊಳಗೆ, ಆಯಾ ಮನೆಯ ಹಿಂದಿನ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಸೇರಿಸಿದಷ್ಟು ವಿದ್ಯುತ್ತಿಗೆ ಮನೆಯವರು ಹಣ ತೆರಬೇಕಾದುದಿಲ್ಲವೆಂದು ಅದರ ನಿಯಮ. ಆ ಹಣವನ್ನು ಸರ್ಕಾರವು ಕಲಬುರಗಿಯ ಜೆಸ್ಕಾಂ ಮೊದಲಾದ ಕಂಪನಿಗಳಿಗೆ ಕಟ್ಟಿಕೊಡುತ್ತದೆ. ಈ ಮಿತಿಯೊಳಗಿರುವ ಮನೆಗೆ ರೂಪಾಯಿಯ ಚೀಟಿಯನ್ನು ಒಯ್ದರೆ ಅದರಲ್ಲಿ ಏನನ್ನು ಬರೆಯುವುದು? ಸೊನ್ನೆಯೆಂದು ಬರೆಯಬೇಕಾಗುವುದು. ಬಡವರ ಮನೆಯಲ್ಲಿ ದೀಪ ಬೆಳಗಿಸಿದ ಯೋಜನೆಯನ್ನು ಹಳಿಯುವುದು ಇಲ್ಲಿ ಉದ್ದೇಶವಲ್ಲ. ತಿಂಗಳ ಕೊನೆಯಲ್ಲಿ ಚೀಟಿಗಂಜದೆ ಬೀಸಣಿಗೆ ತಿರುಗಿಸುವ ಮುದುಕಿಯ ನೆಮ್ಮದಿಗೆ ಬೆಲೆ ಕಟ್ಟಲಾಗದು. ಆದರೆ ಹಣದ ಅಳತೆಗೋಲಿಗೆ ಇಂತಹ ದೌರ್ಬಲ್ಯವುಂಟೆಂಬುದನ್ನು ಮರೆಯಲಾಗದು. ಕೊಡುವವನು ಬದಲಾದ ಮಾತ್ರಕ್ಕೆ ಅದು ಸೊನ್ನೆಯನ್ನು ತೋರಿಸುತ್ತದೆ, ಯೂನಿಟ್ಟು ಹಾಗಲ್ಲ. ಹಣವನ್ನು ಯಾರೇ ಕೊಡಲಿ, 263 ಯೂನಿಟ್ಟು 263 ಯೂನಿಟ್ಟಾಗಿಯೇ ಉಳಿಯುತ್ತದೆ.

ಅದು ಎಲ್ಲಿ ಉಳಿಯುತ್ತದೆಂಬುದನ್ನು ಕುರುಗೋಡಿನವರಿಗೆ ದೂರ ಹೋಗಿ ತೋರಿಸಬೇಕಾದುದಿಲ್ಲ. ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಶಾಖೋತ್ಪನ್ನ ಕೇಂದ್ರವಿದೆ. ಮೂರು ಘಟಕಗಳು ಸೇರಿ 1,700 ಮೆಗಾವಾಟಿನ ಸಾಮರ್ಥ್ಯ. ಅಲ್ಲಿ ಒಂದು ಯೂನಿಟ್ಟು ಹುಟ್ಟಬೇಕಾದರೆ ಹೆಚ್ಚುಕಡಿಮೆ 700 ಗ್ರಾಂ ಕಲ್ಲಿದ್ದಲು ಬೇಯಬೇಕು. ಈ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿ. ಮೇಲೆ ಹೇಳಿದ ಎರಡು ಯಂತ್ರಗಳ ವ್ಯತ್ಯಾಸವಾದ 131 ಯೂನಿಟ್ಟನ್ನು ಈ ಬಗೆಯಿಂದ ಅಳೆದರೆ ವರ್ಷಕ್ಕೆ 90 ಕಿಲೋ ಕಲ್ಲಿದ್ದಲು, 30 ಕಿಲೋ ಬೂದಿ. ನಾಡಿನ ವಿದ್ಯುತ್ತೆಲ್ಲ ಕಲ್ಲಿದ್ದಲಿನದಲ್ಲ, ಶರಾವತಿಯ ನೀರೂ ಪಾವಗಡದ ಬಿಸಿಲೂ ಅದರಲ್ಲಿ ಸೇರಿವೆಯೆಂದು ಆಕ್ಷೇಪಿಸಬಹುದು. ನಿಜ, ಆದರೆ ಮನೆಮಂದಿಯೆಲ್ಲ ಟೆಲಿವಿಷನ್ನಿನ ಮುಂದೆ ಕೂಡುವುದು ಪಾವಗಡದ ಬಿಸಿಲು ಇಳಿದ ಮೇಲೆ.

ಕುಡತಿನಿಗೂ ಬೂದಿಗೂ ನಂಟು ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ದನಗಳನ್ನು ಸಾಕಿಕೊಂಡಿದ್ದ ನವಶಿಲಾಯುಗದ ಜನರು ಸೆಗಣಿಯನ್ನು ರಾಶಿಹಾಕಿ ಸುಟ್ಟುದರಿಂದ ಆದ ಬೂದಿಗುಡ್ಡವು ಇಂದಿಗೂ ಇದ್ದು, ವಿದ್ವಾಂಸರು ದೂರದಿಂದ ಬಂದು ಅದನ್ನು ಪರೀಕ್ಷಿಸಿರುವರು. ಆ ಜನರ ಭಾಷೆ ಯಾವುದೆಂದು ತಿಳಿಯದು. ಅವರು ಏನನ್ನು ಎಷ್ಟು ಸುಟ್ಟರೆಂಬುದು ಮಾತ್ರ ತಿಳಿದಿದೆ.

ಧರ್ಮಛತ್ರದಲ್ಲಿಯೂ ಮಠದ ದಾಸೋಹದಲ್ಲಿಯೂ ಊಟಕ್ಕೆ ಬೆಲೆಯಿಲ್ಲ. ಹಾಗೆಂದು ಎಲೆಯಲ್ಲಿ ಅನ್ನ ಬಿಟ್ಟು ಏಳುವ ಹುಡುಗನನ್ನು ಅಜ್ಜಿಯು ಸುಮ್ಮನೆ ಬಿಡುವಳೇನು? ಬೆಲೆಯಿಲ್ಲದ ಅನ್ನವನ್ನು ಬಿಟ್ಟೆಯೆಂದು ಹೆಚ್ಚಾಗಿಯೇ ಗದರುವಳು. ಹಣವು ಸೊನ್ನೆಯಾದ ಕಡೆಯಲ್ಲಿಯೂ ಅಳತೆಯು ಸೊನ್ನೆಯಾಗದೆಂಬ ತಿಳಿವು ಈ ನಾಡಿನ ಹೆಂಗಸರಿಗೆ ಹೊಸದಲ್ಲ. ಅವರಿಗೆ ಯೂನಿಟ್ಟೆಂಬುದು ಸೇರು ಪಾವುಗಳಂತೆ ಕೈಗೆ ಸಿಕ್ಕುವ ಅಳತೆಯಾಗಿಲ್ಲ, ಅಷ್ಟೇ. ಚೀಟಿಯ ಮೇಲೆ ರೂಪಾಯಿಯೂ ಇರಲಿ. ಅದು ಯೂನಿಟ್ಟಿನ ಪಕ್ಕದಲ್ಲಿರಲಿ, ಯೂನಿಟ್ಟಿನ ಸ್ಥಾನದಲ್ಲಿ ಬೇಡ.

ಇಷ್ಟು ಹೇಳಿದ ಮೇಲೂ ಉಳಿಯುವ ಅನ್ಯಾಯವೊಂದನ್ನು ಹೇಳದೆ ತೀರದು. ಚೀಟಿಯಿರುವುದು ಹೊಸ ಯಂತ್ರಕ್ಕೆ. ಕುರುಗೋಡಿನ ಬಾಡಿಗೆಯ ಮನೆಯಲ್ಲಿರುವ ಕೂಲಿಯವನು ಕೊಳ್ಳುವುದು ಇನ್ನೊಬ್ಬರು ನೋಡಿ ಬಿಟ್ಟ ಹಳೆಯ ಯಂತ್ರವನ್ನು. ಅದರ ಮೇಲೆ ಚೀಟಿಯ ಅಂಟಿನ ಕಲೆ ಉಳಿದಿದ್ದರೆ ಹೆಚ್ಚು. ಅವನ ಮನೆಯ ಹಿಂದಿನ ಸರಾಸರಿ 60 ಯೂನಿಟ್ಟಾಗಿದ್ದರೆ 66ರವರೆಗೆ ಅವನಿಗೆ ವೆಚ್ಚವಿಲ್ಲ. ತಿಂಗಳಿಗೆ 22 ಯೂನಿಟ್ಟು ತಿನ್ನುವ ಯಂತ್ರವೊಂದು ಒಳಕ್ಕೆ ಬಂದರೆ ಬಳಕೆ 82ಕ್ಕೇರುವುದು; ಹೆಚ್ಚಾದ 16 ಯೂನಿಟ್ಟಿನ ಹಣವನ್ನು ಅವನೇ ತೆರಬೇಕು. ಎರಡನೆಯ ಬೆಲೆಯನ್ನು ಎಲ್ಲರಿಗಿಂತ ಮೊದಲು ತಿಳಿಯಬೇಕಾದವನು ಅವನು. ಅದನ್ನು ಹೇಳುವ ಕಾಗದವು ಅವನ ಕೈಗೆ ಬರುವ ಮುನ್ನವೇ ಹರಿದುಹೋಗಿರುತ್ತದೆ. ಶಾಸನದ ಕೈ ಈ ವ್ಯಾಪಾರದವರೆಗೆ ಚಾಚುವುದು ಕಷ್ಟ.

ಹರಿಯುವವರು ಯಾರೆಂದರೆ ಮೊದಲು ಕೊಂಡವರೇ. ಯಂತ್ರವು ಮನೆಗೆ ಬಂದ ದಿನವೇ ಮಕ್ಕಳು ಉಗುರಿನಿಂದ ಚೀಟಿಯನ್ನು ಕಿತ್ತು, ಗಾಜನ್ನು ಒದ್ದೆಬಟ್ಟೆಯಿಂದ ಒರಸಿಬಿಡುವರು. ತೆರೆಯ ಮೇಲೆ ಅದು ಇರಬಾರದೆಂಬುದು ಸರಿಯೆ. ಆದರೆ ಹಾಗೆ ಕಿತ್ತುದನ್ನು ಕಸಕ್ಕೆಸೆಯದೆ ವಿದ್ಯುತ್ ಮೀಟರಿನ ಪೆಟ್ಟಿಗೆಯ ಬಾಗಿಲಿಗೆ ಅಂಟಿಸುವ ಮನೆಗಳು ಸಿರುಗುಪ್ಪದಲ್ಲಿ ಹತ್ತು, ಕುರುಗೋಡಿನಲ್ಲಿ ಹತ್ತು ಇದ್ದರೆ, ತಿಂಗಳಿಗೊಮ್ಮೆ ಮೀಟರು ನೋಡುವವನು ಬಂದು ಬಿಲ್ಲನ್ನು ಕೊಟ್ಟು ಹೋದಾಗ ಮನೆಯೊಡತಿಯ ಒಂದು ಕೈಯಲ್ಲಿ ಆ ಬಿಲ್ಲೂ ಕಣ್ಣೆದುರಿಗೆ ಈ ಚೀಟಿಯೂ ಇರುತ್ತವೆ.