ಅಂಗಸ್ಥಿತಿಯೂ ಲಿಂಗಾರ್ಚನೆಯೂ



ಸಿರುಗುಪ್ಪದ ಕಡೆಯ ವೃದ್ಧ ತಾಯಿಯೊಬ್ಬರು ಮಠಕ್ಕೆ ಬಂದು, ಪ್ರಸಾದದ ಪಂಕ್ತಿಯಲ್ಲಿ ಕೂಡದೆ ಕಂಬಕ್ಕೆ ಒರಗಿ ನಿಂತಿದ್ದರು. ವಿಚಾರಿಸಲಾಗಿ, "ಮೊಣಕಾಲು ಮಡಚಂಗಿಲ್ರಿ ಅಯ್ಯನೋರೆ. ನೆಲದ ಮ್ಯಾಲೆ ಕೂಡಕಾಗದೆ ಪೂಜೆ ಬಿಟ್ಟು ಆರು ತಿಂಗಳಾತು" ಎಂದು ಕಣ್ಣೀರು ತಂದರು. ತುಂಗಭದ್ರೆಯ ಕಾಲುವೆಯ ಗದ್ದೆಗಳಲ್ಲಿ ಹರೆಯದಿಂದಲೂ ಬಾಗಿ ಭತ್ತದ ನಾಟಿ ಮಾಡಿದ ಶರೀರವದು. ಕಾಯಕದಲ್ಲಿ ಸವೆದ ದೇಹವು ಲಿಂಗಾರ್ಚನೆಗೆ ಅನರ್ಹವೆಂದು ಆಕೆ ನಂಬಿಬಿಟ್ಟಿದ್ದರು! ಆ ನಂಬಿಕೆಯನ್ನು ಬೆಳೆಸಿದವರಲ್ಲಿ, ಪದ್ಮಾಸನವೊಂದನ್ನೇ ಹಿಡಿದು ಬೋಧಿಸುತ್ತ ಬಂದ ನನ್ನಂಥವರೂ ಸೇರಿದ್ದೇವೆ.

ಅಣ್ಣ ಬಸವಣ್ಣನವರು ಶರೀರವನ್ನೇ ಶಿವಾಲಯವಾಗಿ ಕಂಡು, ಕಾಲುಗಳನ್ನು ಅದರ ಸ್ತಂಭಗಳಿಗೆ ಸಮನಾಗಿ ಎಣಿಸಿದರು. ಸ್ತಂಭ ಸವೆದರೆ ಆಸರೆ ಕೊಡುವರಲ್ಲದೆ ಗುಡಿಯ ಪೂಜೆಯನ್ನು ನಿಲ್ಲಿಸುವರೆ?

ಪತಂಜಲಿಯು ಆಸನಕ್ಕೆ ಸ್ಥಿರತೆ, ಸುಖ ಎಂಬೆರಡೇ ಲಕ್ಷಣಗಳನ್ನು ಹೇಳಿದನು. ಕಾಲನ್ನು ಹೀಗೆಯೇ ಮಡಿಸಬೇಕೆಂದು ಆ ಸೂತ್ರದಲ್ಲಿ ವಿಧಿಸಲಿಲ್ಲ. ಗೀತೆಯ ಆರನೆಯ ಅಧ್ಯಾಯವು ಕೇಳುವುದು ಕಾಯ, ಶಿರಸ್ಸು, ಕಂಠಗಳ ಸಮತೆಯನ್ನು. ಎಡ ಅಂಗೈಯ ಇಷ್ಟಲಿಂಗವನ್ನು ದೃಷ್ಟಿಯ ಮಟ್ಟಕ್ಕೆ ಎತ್ತಿ ಅನಿಮಿಷವಾಗಿ ನೋಡುವವನಿಗೆ ಈ ಸಮತೆ ತಾನಾಗಿ ಒದಗುತ್ತದೆ. ಲಿಂಗವು ಕಣ್ಣಿನ ಬಳಿಗೆ ಬರಬೇಕೇ ಹೊರತು ಕೊರಳು ಕೆಳಗೆ ಜೋತುಬೀಳಬಾರದು. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಬೆನ್ನೆಲುಬು ಅದನ್ನು ಹೊರುತ್ತದೆ. ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. ಬಳ್ಳಾರಿಯಲ್ಲಿ ದಿನವಿಡೀ ಜೀನ್ಸ್ ಹೊಲಿಯುವ ಕಾಯಕದವರಿಗೂ, ಮೊಬೈಲಿಗೆ ತಲೆ ತಗ್ಗಿಸಿದ ತರುಣರಿಗೂ ಈ ನೋವಿನ ಪರಿಚಯವುಂಟು.

ಹಾಗೆಂದು ನೆಟ್ಟಗೆ ಕುಳಿತು ಕಲ್ಲಾಗುವುದೂ ಆರೋಗ್ಯವಲ್ಲ. ಕುರುಗೋಡಿನ ದೊಡ್ಡ ಬಸವೇಶ್ವರನು ಏಕಶಿಲೆಯವನಾದ್ದರಿಂದ ಶತಮಾನಗಳವರೆಗೆ ಒಂದೇ ಭಂಗಿಯಲ್ಲಿರಬಲ್ಲನು. ನಮ್ಮ ಬೆನ್ನಿನ ಕೀಲೆಲುಬುಗಳ ನಡುವಣ ಮೆತ್ತೆಗಳಾದರೋ, ಪ್ರಾಯಕ್ಕೆ ಬಂದ ಮೇಲೆ ತಮ್ಮೊಳಗೆ ರಕ್ತನಾಳಗಳಿಲ್ಲದೆ, ಸುತ್ತಲಿಂದ ಜಿನುಗುವ ರಸದಿಂದಲೇ ಬಾಳುತ್ತವೆ. ಏಳುತ್ತ, ಬಾಗುತ್ತ, ನಡೆಯುತ್ತ ಇದ್ದರೆ ಆ ರಸಸಂಚಾರಕ್ಕೆ ಅನುಕೂಲ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದುದು ಬೆನ್ನುನೋವಿನ ಮಾತಲ್ಲ, ಬಲ್ಲೆ. ಆದರೂ ಬೆನ್ನಿಗೂ ಅದು ಸಲ್ಲುತ್ತದೆ. ನಾಟಿಯವರು ನಡುನಡುವೆ ನೆಟ್ಟಗೆ ನಿಂತು ಸೊಂಟಕ್ಕೆ ಕೈಕೊಟ್ಟರೆ, ಬದುವಿನ ಮೇಲೆ ನಿಂತ ಯಜಮಾನರು ಅದನ್ನು ಮೈಗಳ್ಳತನವೆಂದು ಗದರಬಾರದು. ಈ ಪತ್ರಿಕೆಯನ್ನು ಓದುವವರಲ್ಲಿ ಅಂಥ ಯಜಮಾನರು ಅನೇಕರಿರುವಿರಿ.

ಆ ತಾಯಿಗೆ, ಮೊಣಕಾಲನ್ನು ವೈದ್ಯರಿಗೆ ತೋರಿಸಬೇಕೆಂದು ಮೊದಲು ಹೇಳಿದೆನು. ಬಳಿಕ, "ಕುರ್ಚಿಯ ಮೇಲೆಯೇ ಪೂಜೆ ಮಾಡಿರಿ. ಪಾದಗಳು ನೆಲಕ್ಕೆ ಊರಿರಲಿ, ಎಡ ಮೊಣಕೈಗೆ ದಿಂಬಿನ ಆಸರೆಯಿರಲಿ" ಎಂದೆನು.

"ಕುರ್ಚಿ ಮ್ಯಾಲೆ ಕುಂತ್ರೆ ಶಿವ ಒಲ್ಲೆ ಅನ್ನಂಗಿಲ್ಲೇನ್ರಿ?"

"ಎದೆಯ ಮೇಲೆ ಧರಿಸಿಕೊಂಡು ಕೆಸರಿನಲ್ಲಿ ಬಾಗಿದಾಗ ಒಲ್ಲೆನೆಂದನೆ, ತಾಯಿ?"

ಆಕೆ ಮಾತಾಡಲಿಲ್ಲ. ಮಠದ ಕಚೇರಿಯ ಕುರ್ಚಿಯನ್ನು ತಾವೇ ಎಳೆದುಕೊಂಡು ಕುಳಿತು, ಸೆರಗು ಸರಿಪಡಿಸಿ, ಕೊರಳಿನ ಕರಡಿಗೆಯನ್ನು ಬಿಚ್ಚಿದರು.