ಬ್ಯಾಕ್ಟೀರಿಯಾದ ಸಂಕೇತ: ಮಾತೋ, ಕುರುಹೋ?

ಹವಾಯಿ ತೀರದ ಪುಟ್ಟ ಸ್ಕ್ವಿಡ್ ಒಂದರ ದೇಹದಲ್ಲಿ ಬೆಳಕು ಸೂಸುವ ಅಂಗವಿದೆ. ಬೆಳಕು ಅದರದ್ದಲ್ಲ, ಅಲ್ಲಿ ನೆಲೆಸಿರುವ ವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಾದ್ದು. ಕಡಲಲ್ಲಿ ಚದುರಿದ್ದಾಗ ಇದೇ ಬ್ಯಾಕ್ಟೀರಿಯಾ ಬೆಳಗುವುದಿಲ್ಲ. ಪ್ರತಿ ಕೋಶವೂ ಒಂದು ಸಣ್ಣ ಅಣುವನ್ನು ಹೊರಬಿಡುತ್ತದೆ. ತೆರೆದ ನೀರಿನಲ್ಲಿ ಅದು ಹರಡಿ ಇಲ್ಲವಾಗುತ್ತದೆ. ಇಕ್ಕಟ್ಟಾದ ಅಂಗದೊಳಗೆ ಕೋಶಗಳು ಹೆಚ್ಚಿದಂತೆ ಶೇಖರವಾಗುತ್ತದೆ. ಒಂದು ಮಟ್ಟ ದಾಟಿದಾಗ ಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಅಂಟಿ ಬೆಳಕಿನ ಜೀನುಗಳನ್ನು ಎಬ್ಬಿಸುತ್ತದೆ. ಅಣುವನ್ನು ತಯಾರಿಸುವ ಜೀನೂ ಅವುಗಳ ಜೊತೆಗೇ ಇರುವುದರಿಂದ ಉತ್ಪಾದನೆ ಇನ್ನಷ್ಟು ಏರುತ್ತದೆ. ನೀಲ್ಸನ್, ಹೇಸ್ಟಿಂಗ್ಸ್ ಮತ್ತಿತರರು 1970ರಲ್ಲಿ ವಿವರಿಸಿದ ಈ ವಿದ್ಯಮಾನಕ್ಕೆ 1994ರಲ್ಲಿ 'ಕೋರಂ ಸೆನ್ಸಿಂಗ್' ಎಂಬ ಹೆಸರು ಬಂತು.

ಇದನ್ನು ಸಂಭಾಷಣೆ ಎನ್ನಬಹುದೇ? ನ್ಯಾಯದರ್ಶನದ ಅಳತೆಗೋಲು ಕಟ್ಟುನಿಟ್ಟಿನದು: ಶಬ್ದವೆಂದರೆ ಆಪ್ತನ ಮಾತು. ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ಆಪ್ತನೆಂದರೆ ವಿಷಯವನ್ನು ತಿಳಿದವನು, ತಿಳಿದಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಬ್ಯಾಕ್ಟೀರಿಯಾಕ್ಕೆ ಅಂಥ ಇಚ್ಛೆಯನ್ನು ಆರೋಪಿಸಲು ಆಧಾರವಿಲ್ಲ. ಆದ್ದರಿಂದ ಅಣು ಶಬ್ದವಲ್ಲ, ಬೆಂಕಿಯನ್ನು ಸೂಚಿಸುವ ಹೊಗೆಯಂತೆ ಬರಿಯ ಲಿಂಗ, ಅಂದರೆ ಕುರುಹು. ಶಬ್ದವನ್ನೂ ಅನುಮಾನದಲ್ಲೇ (ಕುರುಹಿನಿಂದ ಊಹಿಸಿ ತಿಳಿಯುವುದರಲ್ಲೇ) ಸೇರಿಸುವ ವೈಶೇಷಿಕರಿಗೆ ಈ ತೊಡಕು ಅಷ್ಟಾಗಿ ಕಾಡದು.

ಜೀವಶಾಸ್ತ್ರಜ್ಞರು ಇಚ್ಛೆಯ ಜಾಗದಲ್ಲಿ ವಿಕಾಸದ ಚರಿತ್ರೆಯನ್ನು ಇಡುತ್ತಾರೆ: ಒಂದು ಅಣು ಅದನ್ನು ಪಡೆಯುವ ಜೀವಿಯ ಮೇಲಿನ ಪರಿಣಾಮಕ್ಕಾಗಿಯೇ ವಿಕಾಸಗೊಂಡಿದ್ದು, ಆ ಜೀವಿಯ ಪ್ರತಿಕ್ರಿಯೆಯೂ ಅದಕ್ಕೆ ತಕ್ಕಂತೆ ವಿಕಾಸಗೊಂಡಿದ್ದರೆ ಅದು ಸಂಕೇತ, ಇಲ್ಲವಾದರೆ ಕೇವಲ ಸುಳಿವು. ಈ ಅಳತೆಯಲ್ಲೂ ಎಲ್ಲ ಅಣುಗಳು ತೇರ್ಗಡೆಯಾಗುವುದಿಲ್ಲ. ಕೋಶವು ತಾನು ಬಿಟ್ಟ ವಸ್ತು ಎಷ್ಟು ಬೇಗ ಹರಡಿಹೋಗುತ್ತದೆಂದು ತನಗಾಗಿಯೇ ಪರೀಕ್ಷಿಸುತ್ತಿರಬಹುದು ಎಂದು ರೋಸ್‌ಮೇರಿ ರೆಡ್‌ಫೀಲ್ಡ್ 2002ರಲ್ಲಿ ವಾದಿಸಿದರು. ದುಬಾರಿ ಕಿಣ್ವವನ್ನು ಹೊರಸೂಸುವ ಮುನ್ನ ಅಗ್ಗದ ಅಣುವಿನಿಂದ ನೋಡಿಕೊಳ್ಳುವುದು ಲಾಭದಾಯಕವೇ ಸರಿ.

ಇದು ಸಂಭಾಷಣೆಯೇ ಎನ್ನಲು ವಂಚನೆಯ ಉದಾಹರಣೆಯನ್ನೂ ಮುಂದಿಡುವುದುಂಟು. ಸೂಡೊಮೊನಾಸ್ ಎರುಜಿನೋಸಾದಲ್ಲಿ ಗ್ರಾಹಕ ಕೆಟ್ಟ ರೂಪಾಂತರಿಗಳು ಪ್ರೋಟೀನ್ ಕರಗಿಸುವ ಕಿಣ್ವವನ್ನು ಹೆಚ್ಚಾಗಿ ತಯಾರಿಸದೆ, ಬೇರೆಯವು ಕರಗಿಸಿದ್ದನ್ನು ಉಣ್ಣುತ್ತವೆ. ಆದರೆ ಇದು ಸುಳ್ಳಲ್ಲ, ಕಿವುಡುತನ. ಇದರಿಂದ ಸಾಬೀತಾಗುವುದು ಹಂಚಿಕೊಂಡ ಆಸ್ತಿಯ ಇರವು ಮಾತ್ರ.

ಆಟೊಇಂಡ್ಯೂಸರ್-2 ಎಂಬ ಅಣುವಿನಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಅನೇಕ ಪ್ರಭೇದಗಳಲ್ಲಿ ಅದು ಚಯಾಪಚಯದ ಉಪೋತ್ಪನ್ನವಾಗಿ ಹುಟ್ಟುತ್ತದೆ. ವಿಬ್ರಿಯೊ ಹಾರ್ವೆಯಿಯಲ್ಲಿ ಅದಕ್ಕೆ ಪ್ರತ್ಯೇಕ ಗ್ರಾಹಕವಿದ್ದು ಬೆಳಕನ್ನು ನಿಯಂತ್ರಿಸುತ್ತದೆ. ಅಂಥ ಗ್ರಾಹಕವಿಲ್ಲದ ಪ್ರಭೇದದಲ್ಲಿ ಅದೇ ಅಣು ಹೊರಹಾಕಿದ ಕಸವಷ್ಟೇ ಆಗಿರಬಹುದು.