ಯಾವುದು ಅಗತ್ಯ, ಯಾವುದು ಆಡಂಬರ?

ಮನುಷ್ಯನ ಆಸೆಯು ತನ್ನ ನಿಜರೂಪದಲ್ಲಿ ಮನೆಯ ಬಾಗಿಲಿಗೆ ಬರುವುದು ಅಪರೂಪ. ಬಹುಮಟ್ಟಿಗೆ ಅದು ಅಗತ್ಯದ ವೇಷವನ್ನು ತೊಟ್ಟೇ ಬರುತ್ತದೆ. 'ಇದಿಲ್ಲದೆ ನಡೆಯುವುದೇ ಇಲ್ಲ' ಎಂಬ ಮಾತಿನಲ್ಲಿ ಸತ್ಯದ ಪಾಲೆಷ್ಟು, ಬಯಕೆಯ ಪಾಲೆಷ್ಟು ಎಂದು ತೂಗಿ ನೋಡುವ ವ್ಯವಧಾನ ನಮಗಿರುವುದಿಲ್ಲ. ಹಾಗೆ ತೂಗಿ ನೋಡಲೇಬೇಕಾದ ಪ್ರಸಂಗವೊಂದು ಈಚೆಗೆ ನಮ್ಮ ಬಂಧುಗಳ ಮನೆಯಲ್ಲಿ, ಅದೂ ಒಂದು ಆಟದ ನಿಮಿತ್ತವಾಗಿ ಒದಗಿತು. ಆಟ ಹೊಸದಾದರೂ ಅದರೊಳಗಿನ ಪ್ರಶ್ನೆ ಹಳೆಯದು. ಆದುದರಿಂದಲೇ ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ತಾನು ಕೂಡಿಟ್ಟ ಹಣದಿಂದ, ಗೆಳೆಯನೊಬ್ಬ ಬಳಸಿ ಬಿಟ್ಟಿದ್ದ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ಟೊಂದನ್ನು ಕೊಂಡು ತಂದ. ಕಣ್ಣಿಗೆ ಕಟ್ಟಿಕೊಂಡರೆ ತೋರಿಕೆಯ ಲೋಕವೊಂದರ ನಡುವೆ ನಿಂತಂತೆ ಭಾಸವಾಗುವ ಸಾಧನ ಅದು. ಮನೆಯಲ್ಲಿದ್ದುದು ಆರು ವರ್ಷ ಹಳೆಯ ಸಾಧಾರಣ ಕಂಪ್ಯೂಟರ್. ಆಟವೇನೋ ತೆರೆಯಿತು, ಆದರೆ ತಲೆ ತಿರುಗಿಸಿದಾಗ ದೃಶ್ಯವು ತಡವರಿಸಿ, ಕುಪ್ಪಳಿಸಿ ಹಿಂದೆ ಬರುತ್ತಿತ್ತು. ಕುತೂಹಲದಿಂದ ಅದನ್ನು ಧರಿಸಿದ ಅಕ್ಕ ಎರಡೇ ನಿಮಿಷದಲ್ಲಿ ತಲೆಸುತ್ತು, ಓಕರಿಕೆಗಳಿಂದ ಬಳಲಿ ಕುಳಿತುಬಿಟ್ಟಳು.

'ಮಾವ, ಹೊಸ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಇದು ಆಗುವುದಿಲ್ಲ. ಅಪ್ಪನಿಗೆ ನೀವೇ ಒಂದು ಮಾತು ಹೇಳಿ' ಎಂದು ಹುಡುಗ ಕೇಳಿಕೊಂಡ. ಆ ಕಾರ್ಡಿನ ಬೆಲೆಯೋ, ಆರು ವರ್ಷದ ಹಿಂದೆ ಇಡೀ ಕಂಪ್ಯೂಟರಿಗೆ ಕೊಟ್ಟ ಬೆಲೆಯ ಹತ್ತಿರಕ್ಕೇ ಬರುವಂಥದು. 'ಆಟಕ್ಕೆಂದು ಇಷ್ಟು ಹಣವೆ?' ಎಂದರು ಭಾವನವರು. 'ಅಮ್ಮನಿಗೆ ಆದದ್ದನ್ನು ನೀವೇ ನೋಡಿದಿರಲ್ಲ' ಎಂದ ಮಗ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ತೀರ್ಪು ಹೇಳುವ ಮೊದಲು ವಿಷಯವನ್ನು ಅರಿಯುವುದು ಲೇಸೆಂದು ನಾನು ಅವನಿಂದಲೇ ಕೇಳಿ, ಓದಿ, ತಿಳಿದುಕೊಂಡೆ.

ಟಿ.ವಿ. ಪರದೆಯ ಮೇಲೆ ಚಿತ್ರ ತುಸು ತಡವಾದರೆ ಬೇಸರವಾಗಬಹುದೇ ಹೊರತು ದೇಹಕ್ಕೆ ಕೇಡಿಲ್ಲ. ಇಲ್ಲಿ ಹಾಗಲ್ಲ. ತಲೆ ತಿರುಗಿತೆಂದು ಒಳಕಿವಿ ಹೇಳುತ್ತದೆ. ತಿರುಗಲಿಲ್ಲವೆಂದು ಕಣ್ಣು ಹೇಳುತ್ತದೆ. ಈ ಎರಡು ಸಾಕ್ಷಿಗಳ ವಿರೋಧವೇ ಓಕರಿಕೆಯಾಗಿ ಪರಿಣಮಿಸುತ್ತದೆ. ಆದುದರಿಂದ ಕಂಪ್ಯೂಟರಿಗೆ ಜೋಡಿಸುವ ಹೆಡ್‌ಸೆಟ್ಟುಗಳಲ್ಲಿ ಬಹುಪಾಲು ಸೆಕೆಂಡಿಗೆ 90 ಸಲ ಹೊಸ ಚಿತ್ರವನ್ನು ಬೇಡುತ್ತವೆ. ಅಂದರೆ ಎರಡು ಕಣ್ಣಿಗೂ ಬೇಕಾದ ಚಿತ್ರಗಳು ಸಿದ್ಧವಾಗಲು ದೊರೆಯುವ ಕಾಲ ಕೇವಲ 11 ಮಿಲಿಸೆಕೆಂಡು.

2016ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಟಿಸಿ ವೈವ್ ಹೆಡ್‌ಸೆಟ್ಟಿನಲ್ಲಿ, ಮಸೂರದ ಡೊಂಕನ್ನು ಸರಿತೂಗಿಸುವ ಸಲುವಾಗಿ ಪ್ರತಿ ಕಣ್ಣಿಗೆ 1512 ಅಗಲ, 1680 ಎತ್ತರದ ಪಿಕ್ಸೆಲ್‌ಗಳ ಚಿತ್ರವನ್ನು ರಚಿಸಬೇಕಾಗಿತ್ತು. ಎರಡು ಕಣ್ಣು, ಸೆಕೆಂಡಿಗೆ 90 ಸಲ ಎಂದರೆ ಸುಮಾರು 45 ಕೋಟಿ 70 ಲಕ್ಷ ಪಿಕ್ಸೆಲ್‌ಗಳಾದವು. ಸಾಮಾನ್ಯ ಎಚ್‌ಡಿ ಪರದೆಯ ಆಟಕ್ಕೆ ಸೆಕೆಂಡಿಗೆ 60 ಚಿತ್ರಗಳಂತೆ ಸಾಕಾಗುವುದು 12 ಕೋಟಿ 40 ಲಕ್ಷ ಮಾತ್ರ. ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟದ್ದರಲ್ಲಿ ಆಶ್ಚರ್ಯವೇನು?

ಹಾಗಾದರೆ ಹುಡುಗನ ಮಾತೇ ಸರಿಯಾಯಿತಲ್ಲವೆ, ಹೊಸ ಕಾರ್ಡ್ ಅಗತ್ಯವೇ ತಾನೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ನಿಂತು ಯೋಚಿಸಬೇಕು. ಈ ಆಟದಲ್ಲಿ ಎರಡು ಬೇರೆ ಬೇರೆ ಗುಣಗಳು ಒಂದೇ ಹೆಸರಿನಲ್ಲಿ ಬೆರೆತಿವೆ. ಒಂದು, ಚಿತ್ರವು ತಪ್ಪದೆ ಸಕಾಲಕ್ಕೆ ಬರುವ ಸ್ಥಿರತೆ. ಇನ್ನೊಂದು, ನೆರಳು, ನೀರಿನ ಹೊಳಪು, ದೂರದ ಎಲೆಎಲೆಯೂ ಕಾಣುವಂಥ ವೈಭವ. ಮೊದಲನೆಯದು ತಪ್ಪಿದರೆ ದೇಹ ನೋಯುತ್ತದೆ, ಅದು ಅಗತ್ಯ. ಎರಡನೆಯದು ತಪ್ಪಿದರೆ ಕಣ್ಣಿಗೆ ತುಸು ನಿರಾಸೆಯಾಗುತ್ತದೆ, ಅದು ಆಡಂಬರ. ಯಂತ್ರದ ಶಕ್ತಿಯನ್ನೆಲ್ಲ ಎರಡನೆಯದಕ್ಕೆ ಸುರಿದು, ಮೊದಲನೆಯದಕ್ಕೆ ಶಕ್ತಿ ಸಾಲದೆಂದು ಕೊರಗುವುದು ಇಂದಿನ ಆಟದವರಲ್ಲಿ ಮಾತ್ರ ಕಂಡುಬರುವ ದೋಷವಲ್ಲ. ಮಗಳ ಮದುವೆಯ ಚಪ್ಪರಕ್ಕೆ ಸಾಲ ತಂದು, ಅವಳ ಓದಿಗೆ ಹಣವಿಲ್ಲವೆನ್ನುವ ತಂದೆಯ ಲೆಕ್ಕವೂ ಇದೇ ಅಲ್ಲವೆ?

ಈ ವಿವೇಕವನ್ನು ಮೊದಲು ತೋರಬೇಕಾದವರು ಆಟವನ್ನು ರಚಿಸುವವರು. ಅವರಲ್ಲಿ ಕೆಲವರು ಅದನ್ನು ತೋರಿಯೂ ಇದ್ದಾರೆಂಬುದು ಸಂತೋಷದ ವಿಷಯ. ಅಮೆರಿಕದ ವಾಲ್ವ್ ಸಂಸ್ಥೆಯ ಇಂಜಿನಿಯರ್ ಆಗಿದ್ದ ಅಲೆಕ್ಸ್ ವ್ಲಾಕೋಸ್ ಅವರು 2015 ಮತ್ತು 2016ರಲ್ಲಿ ಆಟ ರಚಿಸುವವರ ಸಮ್ಮೇಳನದಲ್ಲಿ ತಮ್ಮ ಉಪಾಯಗಳನ್ನು ಮುಚ್ಚಿಡದೆ ವಿವರಿಸಿದರು. ಮಸೂರದ ಮೂಲಕ ಚಿತ್ರದ ಮೂಲೆಗಳು ಕಣ್ಣಿಗೆ ಕಾಣುವುದೇ ಇಲ್ಲ; ಕಾಣದ್ದನ್ನು ಬರೆಯುವುದೇಕೆ? ಆ ಮೂಲೆಗಳನ್ನು ಕೈಬಿಟ್ಟಾಗ ಶೇಕಡಾ 17ರಷ್ಟು ಶ್ರಮ ಉಳಿದು, 45 ಕೋಟಿ 70 ಲಕ್ಷವು 37 ಕೋಟಿ 80 ಲಕ್ಷಕ್ಕೆ ಇಳಿಯಿತು. ನೋಡುವವನಿಗೆ ನಷ್ಟವಾದದ್ದು ಏನೂ ಇಲ್ಲ.

ಅವರು ಹೇಳಿದ ಇನ್ನೊಂದು ನಿಯಮ ನನ್ನನ್ನು ಬಹಳ ಹೊತ್ತು ಚಿಂತನೆಗೆ ಹಚ್ಚಿತು. ಯಂತ್ರವು ತನಗೆ ದೊರೆತ ಕಾಲದ ಶೇಕಡಾ 90ನ್ನು ಮೀರಿ ಬಳಸತೊಡಗಿದರೆ ಚಿತ್ರದ ಗುಣಮಟ್ಟವನ್ನು ಒಡನೆಯೇ ಎರಡು ಮೆಟ್ಟಿಲು ಇಳಿಸಬೇಕು. ಬಳಕೆ ಶೇಕಡಾ 70ಕ್ಕಿಂತ ಕೆಳಗಿಳಿದರೆ ಮಾತ್ರ ಒಂದು ಮೆಟ್ಟಿಲು ಏರಿಸಬೇಕು. ಇಳಿಯುವಾಗ ತ್ವರೆ, ಏರುವಾಗ ನಿಧಾನ. ಅಂಚಿನವರೆಗೆ ಖರ್ಚುಮಾಡದೆ ಯಾವಾಗಲೂ ಕೊಂಚ ಉಳಿಸಿಕೊಂಡಿರುವ ಎಚ್ಚರ! ಈ ಕ್ರಮದಿಂದ, 2012ರ ಗ್ರಾಫಿಕ್ಸ್ ಕಾರ್ಡೊಂದರ ಮೇಲೆಯೂ ತಮ್ಮ ದೃಶ್ಯವೊಂದು ಸೆಕೆಂಡಿಗೆ 90 ಚಿತ್ರಗಳಂತೆ ತಪ್ಪದೆ ನಡೆಯಿತೆಂದು ಅವರು ತಿಳಿಸಿದರು. ಗೃಹಸ್ಥನೊಬ್ಬನ ಆಯವ್ಯಯಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕೆ?

ಅದೇ 2016ರಲ್ಲಿ ಆಕ್ಯುಲಸ್ ಸಂಸ್ಥೆಯವರು ಇನ್ನೊಂದು ಮಾರ್ಗವನ್ನು ತೆರೆದರು. ಸೆಕೆಂಡಿಗೆ 45 ಚಿತ್ರಗಳನ್ನು ಮಾತ್ರ ನಿಜವಾಗಿ ರಚಿಸಿ, ನಡುವಿನ 45ನ್ನು ಹಿಂದಿನ ಚಿತ್ರಗಳ ಚಲನೆಯಿಂದ ಊಹಿಸಿ ತುಂಬುವ ಉಪಾಯವದು. ಆ ವರ್ಷದ ಅಕ್ಟೋಬರಿನಲ್ಲಿ ಇದನ್ನು ಪ್ರಕಟಿಸಿದಾಗ, ತಮ್ಮ ಹೆಡ್‌ಸೆಟ್ಟಿಗೆ ಜಿಟಿಎಕ್ಸ್ 970 ಕಾರ್ಡ್ ಬೇಕೆಂದಿದ್ದುದನ್ನು ಬದಲಿಸಿ, ಅದಕ್ಕಿಂತ ಅಗ್ಗದ ಜಿಟಿಎಕ್ಸ್ 960 ಸಾಕೆಂದರು. ಊಹೆಯ ಚಿತ್ರ ನಿಜದ ಚಿತ್ರಕ್ಕೆ ಸಮನಲ್ಲ; ವೇಗವಾಗಿ ಚಲಿಸುವ ಕೈಯ ಅಂಚು ಆಗಾಗ ನೀರಿನಲ್ಲಿ ಕಂಡಂತೆ ಅಲುಗುತ್ತದೆ. ಆದರೂ ಬಡವನಿಗೆ ಬಾಗಿಲು ಮುಚ್ಚುವುದಕ್ಕಿಂತ ಇದು ಮೇಲು.

ರಚಿಸುವವನ ಅಲಕ್ಷ್ಯವು ಅವನಲ್ಲಿಗೇ ಮುಗಿಯುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಒಬ್ಬನು ಒಂದು ವಾರದ ಶ್ರಮವನ್ನು ಉಳಿಸಿಕೊಂಡರೆ, ಅವನ ಆಟವನ್ನು ಕೊಂಡ ಸಾವಿರಾರು ಮನೆಗಳು ಚೆನ್ನಾಗಿಯೇ ನಡೆಯುತ್ತಿದ್ದ ಯಂತ್ರಗಳನ್ನು ಮೂಲೆಗೆ ಹಾಕಬೇಕಾಗುತ್ತದೆ. 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪನ್ನವಾಯಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹಗೊಂಡು ಮರುಬಳಕೆಗೆ ಹೋದುದಕ್ಕೆ ದಾಖಲೆಯಿರುವುದು ಕಾಲುಭಾಗಕ್ಕಿಂತ ಕಡಿಮೆಯೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಆ ರಾಶಿಯ ವಿಷದ ಹೊಗೆಯನ್ನು ಕುಡಿಯುವವರು ಆ ಆಟವನ್ನು ಆಡಿದವರಲ್ಲ. ಹೀಗಿರುವಲ್ಲಿ, ಕಡಿಮೆ ಶಕ್ತಿಯ ಯಂತ್ರದಲ್ಲಿಯೂ ನಡೆಯುವಂತೆ ಆಟವನ್ನು ಹಗುರಗೊಳಿಸುವುದು ಕೇವಲ ಕುಶಲತೆಯಲ್ಲ, ಕರ್ತವ್ಯವೂ ಹೌದು.

ಇನ್ನು ಬಳಸುವವನ ಪಾಲು. ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ಪರೀಕ್ಷಿಸೋಣವೆಂದು ನಾನು ಹುಡುಗನಿಗೆ ಹೇಳಿದೆ. ಅವನು ಒಂದು ಭಾನುವಾರ ಕುಳಿತ. ಮೊದಲು ಕಂಪ್ಯೂಟರಿನ ಪೆಟ್ಟಿಗೆ ತೆರೆದು ಫ್ಯಾನಿಗೆ ಮೆತ್ತಿದ್ದ ಧೂಳನ್ನು ತೆಗೆದ; ಕಾವೇರಿದ ಯಂತ್ರ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆಯಂತೆ. ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಬೇಡದ ಕಾರ್ಯಕ್ರಮಗಳನ್ನು ನಿಲ್ಲಿಸಿದ. ಚಿತ್ರದ ಅಗಲ ಎತ್ತರಗಳನ್ನು ಶೇಕಡಾ 80ಕ್ಕೆ ಇಳಿಸಿದ; ಅಷ್ಟರಿಂದಲೇ ಪಿಕ್ಸೆಲ್‌ಗಳ ಸಂಖ್ಯೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. ನೆರಳು, ಪ್ರತಿಬಿಂಬಗಳನ್ನು ಕನಿಷ್ಠಕ್ಕೆ ತಂದ. ಅವನ ಹೆಡ್‌ಸೆಟ್ಟಿನಲ್ಲಿ ಅವಕಾಶವಿದ್ದುದರಿಂದ ಸೆಕೆಂಡಿಗೆ 90ರ ಬದಲು 72 ಚಿತ್ರಗಳನ್ನು ಆರಿಸಿದ. ಪ್ರತಿ ಚಿತ್ರಕ್ಕೆ 11ರ ಬದಲು ಸುಮಾರು 14 ಮಿಲಿಸೆಕೆಂಡು ದೊರೆಯಿತು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪ್ರತಿಸಲವೂ ಚಿತ್ರಕ್ಕೆ ಹಿಡಿದ ಕಾಲವನ್ನು ಕಾಗದದಲ್ಲಿ ಬರೆದಿಟ್ಟುಕೊಂಡನೆಂಬುದು ನನಗೆ ಮೆಚ್ಚುಗೆಯಾಯಿತು.

ಸಂಜೆಯ ಹೊತ್ತಿಗೆ ದೂರದ ಬೆಟ್ಟಗಳು ಮಂಕಾಗಿದ್ದವು, ಮರಗಳ ಕೆಳಗೆ ನೆರಳಿರಲಿಲ್ಲ. ಆದರೆ ಲೋಕವು ತಲೆಯೊಡನೆ ತಪ್ಪದೆ ತಿರುಗುತ್ತಿತ್ತು. ಅಕ್ಕ ಹತ್ತು ನಿಮಿಷ ನೋಡಿ, ನಗುತ್ತಲೇ ಅದನ್ನು ಕಳಚಿಟ್ಟಳು. 'ನೆರಳು ಇಲ್ಲವಲ್ಲ ಅಮ್ಮ' ಎಂದು ಹುಡುಗ ಪೇಚಾಡಿದ. 'ಇರಲಿಲ್ಲವೆ? ನಾನು ನೋಡಲೇ ಇಲ್ಲವಪ್ಪ' ಎಂದಳು.

ಆದರೂ ಎರಡು ಆಕ್ಷೇಪಗಳಿಗೆ ಉತ್ತರ ಹೇಳದೆ ಮುಗಿಸುವುದು ಪ್ರಾಮಾಣಿಕವಾಗಲಾರದು. ಆಟವೇ ಅನಗತ್ಯವೆಂದ ಮೇಲೆ ಅದರೊಳಗೆ ಮಿತವ್ಯಯದ ಮಾತೇಕೆ ಎಂಬುದು ಮೊದಲನೆಯದು. ಆ ಹೆಡ್‌ಸೆಟ್ಟೇ ಬೇಡವೆಂದು ಹೇಳಬಲ್ಲವರಿಗೆ ನನ್ನ ನಮಸ್ಕಾರ. ಆದರೆ ಮನೆಯೊಳಗೆ ಬಂದದ್ದನ್ನು ಬೈದು ಹೊರಗಟ್ಟುವುದು ಸುಲಭವಲ್ಲ. ಎಲ್ಲಿ ಬಯಕೆ ಜೀವಂತವಾಗಿದೆಯೋ ಅಲ್ಲಿಯೇ ವಿವೇಕದ ಅಭ್ಯಾಸವೂ ನಡೆಯಬೇಕು. ಅಕ್ಕಿಯ ಖರ್ಚಿನಲ್ಲಿ ಹುಡುಗರಿಗೆ ಕಲಿಸಲಾಗದ ಮಿತಿಯನ್ನು ಅವರ ಆಟವೇ ಕಲಿಸಬಹುದು.

ಎರಡನೆಯದು ಹೆಚ್ಚು ಗಂಭೀರವಾದುದು. ಮಿತವ್ಯಯದ ಹೆಮ್ಮೆಯಲ್ಲಿ ಇನ್ನೊಬ್ಬರ ದೇಹಕ್ಕೆ ನೋವುಂಟುಮಾಡುವ ಅಪಾಯವಿದೆಯಲ್ಲವೆ? ಖಂಡಿತವಾಗಿಯೂ ಇದೆ. ಎಷ್ಟು ಇಳಿಸಿದರೂ ದೃಶ್ಯ ತಡವರಿಸುತ್ತಿದ್ದರೆ, 'ನನಗೇನೂ ಆಗುವುದಿಲ್ಲ, ನೀವೂ ಸಹಿಸಿಕೊಳ್ಳಿ' ಎಂದು ತಂಗಿಯ ತಲೆಗೋ ಅತಿಥಿಯ ತಲೆಗೋ ಅದನ್ನು ಕಟ್ಟುವುದು ಜಿಪುಣತನವೇ ಹೊರತು ಸಂಯಮವಲ್ಲ. ಆಗ ಇರುವ ದಾರಿ ಎರಡೇ: ಆ ಆಟವನ್ನು ಬಿಟ್ಟು ಹಗುರವಾದುದನ್ನು ಆರಿಸುವುದು, ಇಲ್ಲವೆ ನಿಜವಾಗಿಯೂ ಅಗತ್ಯವಾದಷ್ಟನ್ನು ಕೊಳ್ಳುವುದು. ವಿದ್ಯಾರ್ಥಿನಿಲಯಗಳಿಗೂ ಶಾಲೆಗಳಿಗೂ ಕಂಪ್ಯೂಟರುಗಳನ್ನು ಒದಗಿಸುವ ಟ್ರಸ್ಟುಗಳವರು ಈ ಎರಡನ್ನೂ ನೆನಪಿನಲ್ಲಿಡುವುದು ಒಳಿತು. ಪರೀಕ್ಷಿಸದೆ ಹಳೆಯದನ್ನು ಎಸೆಯಬಾರದು. ಕೆಲಸಕ್ಕೆ ಬಾರದ ಹಳೆಯದನ್ನು ಮಕ್ಕಳ ಮೇಲೆ ಹೇರಲೂಬಾರದು.

ಹೊಸ ಕಾರ್ಡಿನ ಮಾತು ಮನೆಯಲ್ಲಿ ಪೂರ್ತಿ ನಿಂತಿತೆಂದು ನಾನು ಹೇಳಲಾರೆ. ಮುಂದಿನ ವರ್ಷ ಅವನ ಓದಿಗೇ ಅದು ಬೇಕಾಗಬಹುದು. ಆಗ ಕೊಂಡರೆ ತಪ್ಪೂ ಇಲ್ಲ. ಆದರೆ ಈ ಸಲ ಭಾವನವರು 'ಬೇಡ' ಎನ್ನಬೇಕಾಗಲಿಲ್ಲ. ಮಗನೇ 'ಸದ್ಯಕ್ಕೆ ಸಾಕು, ಅಪ್ಪ' ಎಂದ. ಇತರರು ವಿಧಿಸಿದ ಮಿತಿ ಅವಕಾಶ ಸಿಕ್ಕೊಡನೆ ಮುರಿಯುತ್ತದೆ. ತಾನೇ ಅಳೆದು ಕಂಡುಕೊಂಡ ಮಿತಿ ಬಹುಕಾಲ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳು 'ಬೇಕು' ಎಂದು ಬಂದಾಗ ಬೇಡವೆನ್ನುವುದಕ್ಕೂ ಹೂಂ ಎನ್ನುವುದಕ್ಕೂ ಮೊದಲು, ಅವರೊಡನೆ ಕುಳಿತು ಒಮ್ಮೆ ಅಳೆದು ನೋಡೋಣ.